ಚಾಲೈ ಕಟ್ಟಿಸಿದವನು ರಾಜನಲ್ಲ: ಎರಡನೇ ಕುರ್ಚಿಯವರನ್ನು ಅಳೆಯುವುದು ಹೇಗೆ?

ತಿರುವನಂತಪುರದ ಈಸ್ಟ್ ಫೋರ್ಟ್‌ನಲ್ಲಿ ಬಸ್ಸಿನಿಂದ ಇಳಿದರೆ ಹತ್ತಿರದಲ್ಲೇ ಚಾಲೈ ಬಜಾರು ಶುರುವಾಗುತ್ತದೆ. ಅಕ್ಕಿ, ಮೆಣಸು, ಹೂವು, ಪಾತ್ರೆ, ಬಂಗಾರ, ಹಗ್ಗ, ಏನು ಬೇಕಾದರೂ ಸಿಗುವ ಬೀದಿ. ಎರಡು ಗಾಡಿ ಎದುರುಬದುರಾದರೆ ಮುಗೀತು, ನಿಂತೇ ಬಿಡುತ್ತವೆ. ಅಲ್ಲಿಂದ ಕೇರಳದ ಸೆಕ್ರೆಟರಿಯೇಟ್ ಕಟ್ಟಡಕ್ಕೆ ನಡೆದೇ ಹೋಗಬಹುದು. ಚಾಲೈಯನ್ನು ಕಟ್ಟಿಸಿದ್ದು ಯಾರು ಅಂತ ಕೇಳಿದರೆ ತಿರುವಾಂಕೂರಿನ ಮಹಾರಾಜರ ಹೆಸರು ಯಾರೂ ಹೇಳುವುದಿಲ್ಲ. ರಾಜಾ ಕೇಶವದಾಸ ಅನ್ನುತ್ತಾರೆ. ಹೆಸರಿನಲ್ಲಿ 'ರಾಜಾ' ಇದೆ ಅಂತ ಮೋಸ ಹೋಗಬೇಡಿ, ಅದು ಬಿರುದು. ಆತ ದಿವಾನ, ಸಿಂಹಾಸನದ ಪಕ್ಕದಲ್ಲಿ ನಿಂತವನು.

ಈ ಪಕ್ಕದಲ್ಲಿ ನಿಂತವರ ಬಗ್ಗೆಯೇ ಇವತ್ತು ನಿಮ್ಮ ಹತ್ತಿರ ಒಂದೆರಡು ಮಾತು ಹೇಳಬೇಕು. ಅಮೆರಿಕದ ಚುನಾವಣೆ ಬಂದಾಗಲೆಲ್ಲ 'ರನ್ನಿಂಗ್ ಮೇಟ್' ಎಂಬ ಪದ ನಮ್ಮ ಟಿವಿಗಳಲ್ಲೂ ಕೇಳಿಸುತ್ತದೆ. ಅಧ್ಯಕ್ಷ ಅಭ್ಯರ್ಥಿಯ ಜೋಡಿಯಾಗಿ ಓಡುವವರು, ಅಂದ್ರೆ ಉಪಾಧ್ಯಕ್ಷ ಅಭ್ಯರ್ಥಿ. ಆ ಜೋಡಿ ಓಟದಲ್ಲಿ ಅವರು ಹೇಗೆ ನಡೆದುಕೊಂಡರು ಎಂಬುದನ್ನು ನೋಡಿ, ನಾಳೆ ಇವರೇ ನಾಯಕರಾದರೆ ಹೇಗೆ ಅಂತ ಅಲ್ಲಿನ ಜನ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಅಂಥ ಜೋಡಿ ಚುನಾವಣೆ ಇಲ್ಲ. ಆದರೆ ದಿವಾನರಿದ್ದರು, ಈಗ ಉಪಮುಖ್ಯಮಂತ್ರಿಗಳಿದ್ದಾರೆ, ಮೈತ್ರಿ ಸರ್ಕಾರದ ಜೊತೆಗಾರ ಪಕ್ಷದ ಮುಖಂಡರಿದ್ದಾರೆ. ಎರಡನೇ ಕುರ್ಚಿಯಲ್ಲಿ ಕೂತವರ ನಡತೆಯಿಂದ ಮೊದಲನೇ ಕುರ್ಚಿಯ ಯೋಗ್ಯತೆ ಗೊತ್ತಾಗುತ್ತದೆಯೇ? ಗೊತ್ತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ನಾವು ಸಾಮಾನ್ಯವಾಗಿ ನೋಡುವ ಜಾಗದಲ್ಲಿ ಅಲ್ಲ.

ಉರ್ದೂ ಗೊತ್ತಿರುವವರಿಗೆ ಇಲ್ಲೊಂದು ಸ್ವಾರಸ್ಯ ಇದೆ. 'ನಾಯಬ್' ಅಂದರೆ ಇನ್ನೊಬ್ಬರ ಬದಲಿಗೆ ಕೆಲಸ ಮಾಡುವವನು, ಉಪ. ಅದರ ಅರಬಿ ಬಹುವಚನದಿಂದಲೇ 'ನವಾಬ' ಎಂಬ ಮಾತು ಬಂತು. ನವಾಬ ಅಂದಾಗ ನಮ್ಮ ಕಣ್ಣ ಮುಂದೆ ಹುಕ್ಕಾ, ಗಾದಿ, ಅತ್ತರು ಬರುತ್ತವೆ, ಮೂಲದಲ್ಲಿ ಆತ ಬಾದಶಹನ ಡೆಪ್ಯುಟಿ ಅಷ್ಟೇ. ಎರಡನೆಯವರು ಮೊದಲನೆಯವರಾಗುವ ಕಥೆ ಪದದೊಳಗೇ ಕೂತಿದೆ.

ಕೇಶವದಾಸನಿಗೆ ಬರೋಣ. ಮೊದಲ ಹೆಸರು ಕೇಶವ ಪಿಳ್ಳೆ. ಬಡ ಮನೆಯ ಹುಡುಗ, ಪೋಕ್ಕುಮೂಸಾ ಮರಕ್ಕಾರ್ ಎಂಬ ಮುಸ್ಲಿಂ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡಿದ್ದನಂತೆ. ಅರಮನೆಯ ಪರಿಚಯ ಆದದ್ದೂ ಆ ವ್ಯಾಪಾರಿಯ ಮೂಲಕವೇ ಅನ್ನುತ್ತಾರೆ. ಒಂದು ದಂತಕಥೆಯೂ ಇದೆ: ಬೆಳಿಗ್ಗೆ ಎದ್ದ ರಾಜನ ಕಣ್ಣಿಗೆ ಮೊದಲು ಬಿದ್ದವನು ಇವನೇ ಆದದ್ದರಿಂದ ಅಪಶಕುನ ಅಂತ ಹಿಡಿದು ಕೂಡಿಹಾಕಿದರು, ಅದೇ ದಿನ ಶುಭ ಸುದ್ದಿ ಬಂತು, ಬಿಡುಗಡೆಯಾಯಿತು. ನಿಜವೋ ಸುಳ್ಳೋ, ಕೆಳಗಿನಿಂದ ಬಂದವನು ಎಂಬುದಂತೂ ನಿಜ. ಕಾರ್ತಿಕ ತಿರುನಾಳ್ ರಾಮವರ್ಮ, ಅಂದರೆ ಜನ 'ಧರ್ಮರಾಜ' ಅಂತ ಕರೆದ ಅರಸ, ಅವನನ್ನು ಹಂತ ಹಂತವಾಗಿ ಮೇಲಕ್ಕೆ ತಂದು 1789ರಲ್ಲಿ ದಿವಾನನನ್ನಾಗಿ ಮಾಡಿದ. ಅಲ್ಲಿಯವರೆಗೆ ತಿರುವಾಂಕೂರಿನಲ್ಲಿ ಆ ಹುದ್ದೆಗೆ 'ದಳವಾ' ಎನ್ನುತ್ತಿದ್ದರು.

ಅದೇ ವರ್ಷದ ಕೊನೆಯ ವಾರದಲ್ಲಿ ಟಿಪ್ಪು ಸುಲ್ತಾನರ ಸೈನ್ಯ ನೆಡುಂಕೋಟ್ಟದ ಮೇಲೆ ಬಿತ್ತು. ಕೊಚ್ಚಿ ಸೀಮೆಯ ಸಮುದ್ರ ದಂಡೆಯಿಂದ ಪಶ್ಚಿಮ ಘಟ್ಟದವರೆಗೆ ತಿರುವಾಂಕೂರಿನವರು ಹಾಕಿದ್ದ ರಕ್ಷಣಾ ಗೋಡೆ ಅದು. ಮೊದಲ ದಾಳಿ ಹಿಮ್ಮೆಟ್ಟಿತು, 1790ರ ಏಪ್ರಿಲ್‌ನಲ್ಲಿ ಗೋಡೆ ಒಡೆಯಿತು, ಆಮೇಲೆ ಮಳೆಗಾಲವೂ ಇಂಗ್ಲಿಷರ ಯುದ್ಧವೂ ಸೇರಿ ಸುಲ್ತಾನರು ಹಿಂದಿರುಗಬೇಕಾಯಿತು. ಎದುರು ಪಾಳೆಯದಲ್ಲಿ ರಾಜ್ಯದ ಹೊಣೆ ಹೊತ್ತಿದ್ದವನು ಈ ಕೇಶವದಾಸನೇ. ಟಿಪ್ಪುವನ್ನು ಪ್ರೀತಿಸುವ ನಮ್ಮ ಓದುಗರಲ್ಲಿ ಕೆಲವರಿಗೆ ಅವನನ್ನು ಹೊಗಳುವುದು ಕಸಿವಿಸಿ ಆಗಬಹುದು. ಆಗಲಿ ಬಿಡಿ. ಎದುರಾಳಿಯ ಕಡೆಯ ಒಳ್ಳೆಯ ಆಡಳಿತಗಾರನನ್ನು ಗುರುತಿಸಿದರೆ ನಮ್ಮವರ ಪ್ರಭೆ ಏನೂ ಕಡಿಮೆಯಾಗುವುದಿಲ್ಲ. ಆಲಪ್ಪುಳದ ಬಂದರು, ಈ ಚಾಲೈ ಬಜಾರು ಇವೆಲ್ಲ ಅವನ ಹೆಸರಿನಲ್ಲಿವೆ. ಹೊರಗಿನ ವ್ಯಾಪಾರಿಗಳನ್ನು ಕರೆಸಿ ಕೂರಿಸಿದ. ಅಂಗಡಿ ಲೆಕ್ಕ ಬರೆದು ಬೆಳೆದವನಿಗೆ ರಾಜ್ಯಕ್ಕೆ ಅಂಗಡಿ ಬೀದಿ ಎಷ್ಟು ಮುಖ್ಯ ಅಂತ ಗೊತ್ತಿರದೆ ಇರುತ್ತದೆಯೇ?

1798ರ ಫೆಬ್ರವರಿಯಲ್ಲಿ ಧರ್ಮರಾಜ ತೀರಿಕೊಂಡ. ಪಟ್ಟಕ್ಕೆ ಬಂದವನು ಹದಿನಾರರ ಹುಡುಗ ಬಾಲರಾಮವರ್ಮ. ಅವನ ಸುತ್ತ ಜಯಂತನ್ ನಂಬೂದಿರಿಯ ಗುಂಪು ಸೇರಿಕೊಂಡಿತು. ಹಳೆಯ ದಿವಾನನನ್ನು ಕಿತ್ತುಹಾಕಿ ಮನೆಯಲ್ಲೇ ಬಂಧಿಸಿದರು. 1799ರ ಏಪ್ರಿಲ್ 21ರಂದು ಅವನು ಸತ್ತ, ವಿಷ ಹಾಕಿದರು ಎಂದೇ ಕೇರಳದಲ್ಲಿ ಹೇಳುತ್ತಾರೆ. ಇಲ್ಲಿ ನೀವು ಗಮನಿಸಬೇಕಾದದ್ದು ಇಷ್ಟು. ಹತ್ತು ವರ್ಷ ಸೈನ್ಯ, ಖಜಾನೆ, ಇಂಗ್ಲಿಷರ ಜೊತೆಗಿನ ಸಂಬಂಧ, ಎಲ್ಲವೂ ಅವನ ಕೈಯಲ್ಲಿತ್ತು. ರಾಜ ಹುಡುಗ. ಆದರೂ ಅವನು ಆ ಸೈನ್ಯವನ್ನು ಅರಮನೆಯ ಕಡೆ ತಿರುಗಿಸಲಿಲ್ಲ.

ಅವನು ಸತ್ತ ಎರಡು ವಾರದೊಳಗೆ, ಮೇ 4ರಂದು, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಹುತಾತ್ಮರಾದರು. ಅಲ್ಲಿಯೂ ಒಬ್ಬ ಎರಡನೆಯವನಿದ್ದ. ಮೀರ್ ಸಾದಿಕ್‌ನ ವಿಚಾರ ಬೇಡ, ಅವನ ಹೆಸರೇ ನಮ್ಮಲ್ಲಿ ಬೈಗುಳ ಆಗಿದೆ. ಕಷ್ಟದ ಪ್ರಶ್ನೆ ಪೂರ್ಣಯ್ಯನದು. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ಹೈದರಾಲಿ ತೀರಿಕೊಂಡಾಗ ಟಿಪ್ಪು ದೂರದ ಮಲಬಾರಿನಲ್ಲಿ, ಪೊನ್ನಾನಿಯ ಕಡೆ ಯುದ್ಧದಲ್ಲಿದ್ದರು. ಸಾವಿನ ಸುದ್ದಿ ಹೊರಬಿದ್ದರೆ ಸೈನ್ಯ ಚೆದುರಿಹೋಗುತ್ತಿತ್ತು. ಪೂರ್ಣಯ್ಯ ಮತ್ತು ಜೊತೆಯವರು ಟಿಪ್ಪು ಬಂದು ಸೇರುವವರೆಗೆ ಅದನ್ನು ಗುಟ್ಟಾಗಿ ಇಟ್ಟರು. ಹದಿನೇಳು ವರ್ಷ ಸುಲ್ತಾನರ ಜೊತೆ ದುಡಿದ ಅದೇ ಪೂರ್ಣಯ್ಯ, ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಒಪ್ಪಿಗೆಯಿಂದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನನಾಗಿ 1811ರವರೆಗೆ ಮೈಸೂರನ್ನು ನಡೆಸಿದ. ಒಡೆಯನಿಗೆ ನಿಷ್ಠೆ ಎಂಬ ಒಂದೇ ತಕ್ಕಡಿ ಇಟ್ಟುಕೊಂಡರೆ ಇವನನ್ನು ತೂಗಲಿಕ್ಕೆ ಆಗುವುದಿಲ್ಲ. ದ್ರೋಹ ಅನ್ನುವವರೂ ಇದ್ದಾರೆ, ಆಡಳಿತ ಉಳಿಸಿದ ಅನ್ನುವವರೂ ಇದ್ದಾರೆ.

ಕೊಚ್ಚಿಯಲ್ಲಂತೂ ಎರಡನೇ ಕುರ್ಚಿ ವಂಶದ ಆಸ್ತಿಯೇ ಆಗಿತ್ತು. ಚೇಂದಮಂಗಲಂನ ಪಾಲಿಯತ್ ಅಚ್ಚನ್‌ಗಳು ಪರಂಪರೆಯಿಂದ ಅಲ್ಲಿನ ಮಂತ್ರಿಗಳು. 1808ರ ಡಿಸೆಂಬರ್‌ನಲ್ಲಿ ಗೋವಿಂದನ್ ಅಚ್ಚನ್ ತಿರುವಾಂಕೂರಿನ ವೇಲು ತಂಬಿ ದಳವಾ ಜೊತೆ ಕೈ ಜೋಡಿಸಿದ, ಇಬ್ಬರ ಪಡೆಗಳೂ ಕೊಚ್ಚಿಯಲ್ಲಿ ಬ್ರಿಟಿಷ್ ರೆಸಿಡೆಂಟ್ ಮೆಕಾಲೆಯ ಬಂಗಲೆಗೆ ನುಗ್ಗಿದವು. ಮೆಕಾಲೆ ತಪ್ಪಿಸಿಕೊಂಡ. ಕೆಲವೇ ವಾರಗಳಲ್ಲಿ ಗಾಳಿ ತಿರುಗಿದಾಗ ಅಚ್ಚನ್ ಇಂಗ್ಲಿಷರ ಕಡೆ ರಾಜಿಗೆ ಹೋದ, ವೇಲು ತಂಬಿ ಒಬ್ಬಂಟಿಯಾಗಿ ಮಣ್ಣಡಿಯಲ್ಲಿ ಪ್ರಾಣ ಬಿಟ್ಟ. ಅಚ್ಚನ್‌ಗೂ ಏನೂ ಸಿಗಲಿಲ್ಲ, ಮದ್ರಾಸಿಗೆ ಗಡಿಪಾರಾದ, ವಂಶದ ಮಂತ್ರಿ ಪದವಿಯೂ ಹೋಯಿತು.

ರಾಜರ ಕಾಲ ಹೋಯಿತು, ಪ್ರಜಾಪ್ರಭುತ್ವ ಬಂತು, ಆದರೆ ಎರಡನೇ ಕುರ್ಚಿ ಉಳಿಯಿತು. ವಿದ್ಯಾರ್ಥಿಗಳಿಗೆ ಒಂದು ವಿಷಯ: ನಮ್ಮ ಸಂವಿಧಾನದಲ್ಲಿ 'ಉಪಮುಖ್ಯಮಂತ್ರಿ' ಎಂಬ ಪದವೇ ಇಲ್ಲ, 'ಉಪಪ್ರಧಾನಿ'ಯೂ ಇಲ್ಲ. 1989ರಲ್ಲಿ ದೇವಿಲಾಲ್ ಪ್ರಮಾಣವಚನ ತೆಗೆದುಕೊಳ್ಳುವಾಗ ರಾಷ್ಟ್ರಪತಿ ವೆಂಕಟರಾಮನ್ 'ಮಂತ್ರಿ' ಅಂತ ಓದಿಕೊಟ್ಟರೆ ಅವರು 'ಉಪಪ್ರಧಾನಮಂತ್ರಿ' ಅಂತಲೇ ಹೇಳಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏನು ಹೆಸರಿನಿಂದ ಕರೆದರೂ ಅವರು ಒಬ್ಬ ಮಂತ್ರಿ, ಅಷ್ಟೇ ಎಂಬುದು ಉತ್ತರ. ಅಂದರೆ ಈ ಕುರ್ಚಿಗೆ ಕಾನೂನಿನ ಬಲ ಇಲ್ಲ, ಕೂತವರು ಎಷ್ಟು ಬಲ ತಂದುಕೊಳ್ಳುತ್ತಾರೋ ಅಷ್ಟು. ಅದಕ್ಕೇ ಅಲ್ಲಿ ಮನುಷ್ಯನ ಸ್ವಭಾವ ಬೇಗ ಕಾಣುತ್ತದೆ.

ಕೇರಳದ ಮೊದಲ ಉಪಮುಖ್ಯಮಂತ್ರಿ ಆರ್. ಶಂಕರ್. 1960ರ ಚುನಾವಣೆಯಲ್ಲಿ ಕಾಂಗ್ರೆಸ್, ಪಿಎಸ್‌ಪಿ, ಮುಸ್ಲಿಂ ಲೀಗ್ ಒಟ್ಟಿಗೆ ನಿಂತು ಕಮ್ಯುನಿಸ್ಟರನ್ನು ಸೋಲಿಸಿದವು. ಕಾಂಗ್ರೆಸ್ಸಿಗೆ 63 ಸ್ಥಾನ, ಪಿಎಸ್‌ಪಿಗೆ 20. ಆದರೂ ಮುಖ್ಯಮಂತ್ರಿ ಆದವರು ಪಿಎಸ್‌ಪಿಯ ಹಿರಿಯ ಪಟ್ಟಂ ತಾಣು ಪಿಳ್ಳೆ. ಶಂಕರ್ ಹಣಕಾಸು ಖಾತೆಯೊಂದಿಗೆ ಎರಡನೆಯವರು. ಕೊಲ್ಲಂನ ಶ್ರೀನಾರಾಯಣ ಕಾಲೇಜನ್ನು ಕಟ್ಟಿ ನಿಲ್ಲಿಸಿದ ಮನುಷ್ಯ, ಕೆಲಸಗಾರ, ಲೆಕ್ಕದಲ್ಲಿ ಗಟ್ಟಿ. 1962ರ ಸೆಪ್ಟೆಂಬರ್‌ನಲ್ಲಿ ಪಟ್ಟಂ ಅವರನ್ನು ಪಂಜಾಬಿನ ರಾಜ್ಯಪಾಲರನ್ನಾಗಿ ಕಳಿಸಿದರು, ಶಂಕರ್ ಮುಖ್ಯಮಂತ್ರಿ ಆದರು. ಹಿರಿಯರನ್ನು ಶಾಲು ಹೊದೆಸಿ ಬದಿಗೆ ಸರಿಸುವ ವಿಧಾನ ಅದು, ಹೊಸದೇನಲ್ಲ. ಆಡಳಿತ ಕೆಟ್ಟದಾಗಿರಲಿಲ್ಲ. ಆದರೆ ಈಗ ಅವರಿಗೂ ಒಬ್ಬ ಬಲವಾದ ಜೊತೆಗಾರ ಇದ್ದರು, ಗೃಹಮಂತ್ರಿ ಪಿ.ಟಿ. ಚಾಕ್ಕೊ. 1964ರ ಫೆಬ್ರವರಿಯಲ್ಲಿ ಚಾಕ್ಕೊ ರಾಜೀನಾಮೆ ಕೊಡಬೇಕಾಯಿತು, ಆಗಸ್ಟ್ 1ರಂದು ತೀರಿಕೊಂಡರು. ತಮ್ಮ ನಾಯಕನನ್ನು ಕೈಬಿಟ್ಟರು ಎಂಬ ಸಿಟ್ಟು ಅವರ ಬೆಂಬಲಿಗರಲ್ಲಿ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಅವಿಶ್ವಾಸ ನಿರ್ಣಯ ಬಂದಾಗ ಕಾಂಗ್ರೆಸ್ಸಿನದೇ 15 ಶಾಸಕರು ಶಂಕರ್ ವಿರುದ್ಧ ನಿಂತರು. ಸರ್ಕಾರ ಬಿತ್ತು, ಆ ಗುಂಪಿನಿಂದ ಕೇರಳ ಕಾಂಗ್ರೆಸ್ ಹುಟ್ಟಿತು. ಎರಡನೇ ಕುರ್ಚಿ ಶಂಕರ್‌ಗೆ ಬಜೆಟ್ ಕಲಿಸಿತು, ಮುನಿಸಿಕೊಂಡ ಸಂಗಾತಿಯನ್ನು ಉಳಿಸಿಕೊಳ್ಳುವುದನ್ನು ಕಲಿಸಲಿಲ್ಲ.

ಇದೇ ಕೂಟದಲ್ಲಿ ಮುಸ್ಲಿಂ ಲೀಗಿನ ಸ್ಥಿತಿ ಏನಿತ್ತು ನೋಡಿ. ಚುನಾವಣೆಗೆ ಬೇಕು, ಮಂತ್ರಿಮಂಡಲಕ್ಕೆ ಬೇಡ. 11 ಶಾಸಕರು, ಒಂದೂ ಮಂತ್ರಿ ಸ್ಥಾನ ಇಲ್ಲ, ಕೊಟ್ಟದ್ದು ಸ್ಪೀಕರ್ ಪೀಠ ಮಾತ್ರ. ಆ ಪೀಠದಲ್ಲಿದ್ದ ಸೀತಿ ಸಾಹೇಬರು 1961ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಲೀಗ್ ತನ್ನ ಯುವ ಶಾಸಕನ ಹೆಸರು ಕೊಟ್ಟಿತು: ಅತ್ತೋಳಿಯ ಸಿ.ಎಚ್. ಮುಹಮ್ಮದ್ ಕೋಯ, 'ಚಂದ್ರಿಕಾ' ಪತ್ರಿಕೆಯಿಂದ ಬಂದವರು, ವಯಸ್ಸು 33. ಕಾಂಗ್ರೆಸ್ ಷರತ್ತು ಹಾಕಿತು: ಲೀಗಿನ ಸದಸ್ಯತ್ವ ಬಿಟ್ಟು ಬಂದರೆ ಮಾತ್ರ. ಅವಮಾನವೇ ಅಲ್ಲವೇ? ಸಿ.ಎಚ್. ರಾಜೀನಾಮೆ ಕೊಟ್ಟು ಬಂದು ಪೀಠದಲ್ಲಿ ಕೂತರು. ಐದು ತಿಂಗಳಲ್ಲಿ ಲೀಗ್ ಮತ್ತು ಕಾಂಗ್ರೆಸ್ ಸಂಬಂಧ ಹಳಸಿದಾಗ, ನವೆಂಬರ್ 10ರಂದು, ಎದ್ದು ಬಂದರು.

1967ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಏಳು ಪಕ್ಷಗಳ ಸರ್ಕಾರದಲ್ಲಿ ಲೀಗಿಗೆ ಮೊದಲ ಸಲ ಮಂತ್ರಿ ಸ್ಥಾನ ಸಿಕ್ಕಿತು, ಸಿ.ಎಚ್. ಶಿಕ್ಷಣ ಮಂತ್ರಿ. ಆಮೇಲೆ ಅಚ್ಯುತ ಮೇನನ್, ಕರುಣಾಕರನ್, ಆಂಟನಿ, ಪಿ.ಕೆ. ವಾಸುದೇವನ್ ನಾಯರ್ ಹೀಗೆ ಒಟ್ಟು ಐದು ಮುಖ್ಯಮಂತ್ರಿಗಳ ಕೈಕೆಳಗೆ ಶಿಕ್ಷಣ ಖಾತೆ ನೋಡಿದರು. ಒಬ್ಬರು ಮಾರ್ಕ್ಸಿಸ್ಟ್, ಇಬ್ಬರು ಸಿಪಿಐ, ಇಬ್ಬರು ಕಾಂಗ್ರೆಸ್. ಇದನ್ನು ಕೇಳಿದ ಕೂಡಲೇ 'ಎಲ್ಲರ ಜೊತೆಗೂ ಹೋದವರು, ಇದೇನು ನಿಷ್ಠೆ' ಅನ್ನಿಸಬಹುದು. ಆ ಆಕ್ಷೇಪ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. 1969ರ ಜೂನ್ 16ರಂದು ಇ.ಎಂ.ಎಸ್. ಸರ್ಕಾರ ಮಲಪ್ಪುರಂ ಜಿಲ್ಲೆ ಮಾಡಿಕೊಟ್ಟಿತು, ಅದು ಲೀಗಿನ ದೊಡ್ಡ ಬೇಡಿಕೆ, ಅದಕ್ಕಾಗಿ ಇ.ಎಂ.ಎಸ್. ಎಷ್ಟೋ ಬೈಸಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ಸಿಪಿಐ ಜೊತೆ ಸೇರಿ ಲೀಗ್ ಹೊರಗೆ ಬಂತು, ಸರ್ಕಾರ ಬಿತ್ತು. ಸಿಪಿಎಂನವರು ಇದನ್ನು ಮರೆತಿಲ್ಲ, ನಾವು ಮರೆತಂತೆ ನಟಿಸುವುದೂ ಸರಿಯಲ್ಲ. ಜೊತೆಗಾರನಾಗಿ ಸಿ.ಎಚ್. ಲೆಕ್ಕದಲ್ಲಿ ಇದು ಕಪ್ಪು ಗೆರೆಯೇ.

ಆದರೆ ಕುರ್ಚಿಯಲ್ಲಿ ಕೂತು ಮಾಡಿದ್ದೇನು? ಆಗ ಮಲಬಾರಿನ ಕಾಲೇಜುಗಳೆಲ್ಲ ತಿರುವನಂತಪುರದ ಕೇರಳ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಉತ್ತರ ತುದಿಯ ಕಾಸರಗೋಡಿನ ಹುಡುಗನ ಪರೀಕ್ಷೆ, ಅಂಕಪಟ್ಟಿ, ಎಲ್ಲಕ್ಕೂ ದಕ್ಷಿಣ ತುದಿಯ ಕಡೆ ನೋಡಬೇಕು. 1968ರಲ್ಲಿ ತೇಂಞಿಪ್ಪಾಲದಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ ಬಂತು. 1971ರಲ್ಲಿ ಕೊಚ್ಚಿ ವಿಶ್ವವಿದ್ಯಾಲಯ. ಎರಡೂ ಸಿ.ಎಚ್. ಶಿಕ್ಷಣ ಮಂತ್ರಿಯಾಗಿದ್ದಾಗಲೇ. 1996ರಲ್ಲಿ ಕಣ್ಣೂರು ವಿಶ್ವವಿದ್ಯಾಲಯ ಆಗುವವರೆಗೆ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಓದಿದವರ ಪದವಿ ಪತ್ರದ ಮೇಲೆ ಇದ್ದದ್ದು ಕಲ್ಲಿಕೋಟೆಯ ಮುದ್ರೆ, ಅವರಲ್ಲಿ ಕನ್ನಡ ಓದಿದವರೂ ಸೇರಿದ್ದಾರೆ. ಆ ವಿಶ್ವವಿದ್ಯಾಲಯ ಮುಸ್ಲಿಮರಿಗೆ ಮಾತ್ರ ಅಂತ ಅವರು ಕಟ್ಟಲಿಲ್ಲ, ಹಾಗೆ ಕಟ್ಟಿದ್ದರೆ ಅದು ಇಷ್ಟು ದೊಡ್ಡದಾಗುತ್ತಲೂ ಇರಲಿಲ್ಲ.

1977ರ ಕೊನೆಯಲ್ಲಿ ಒಂದು ಪೆಟ್ಟು ಬಿತ್ತು. ಚುನಾವಣೆ ಸಮಯದಲ್ಲಿ 'ಚಂದ್ರಿಕಾ'ದಲ್ಲಿ ಬಂದ ಬರಹಗಳ ವಿಚಾರವಾಗಿ ಹೈಕೋರ್ಟು ಅವರ ಆಯ್ಕೆಯನ್ನು ರದ್ದು ಮಾಡಿತು. ಖಾತೆ ಬಿಟ್ಟು ಇಳಿದರು, ಅವರ ಪಕ್ಷದ ಯು.ಎ. ಬೀರಾನ್ ಆ ಜಾಗಕ್ಕೆ ಬಂದರು. 1978ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿದ ಮೇಲೆ ಮತ್ತೆ ಬಂದು ಅದೇ ಖಾತೆಯಲ್ಲಿ ಕೂತರು. ಬಂದ ಕೆಲವೇ ವಾರಗಳಲ್ಲಿ ಆಂಟನಿ ರಾಜೀನಾಮೆ ಕೊಟ್ಟರು, ಕಾರಣ ನಮ್ಮ ಚಿಕ್ಕಮಗಳೂರು: ಅಲ್ಲಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ತಮ್ಮ ಪಕ್ಷ ಬೆಂಬಲಿಸಿದ್ದನ್ನು ಅವರು ಒಪ್ಪಲಿಲ್ಲ. ವಾಸುದೇವನ್ ನಾಯರ್ ಬಂದರು, ಒಂದು ವರ್ಷದಲ್ಲಿ ಅವರೂ ಇಳಿದರು. ದೊಡ್ಡ ಪಕ್ಷಗಳು ಒಬ್ಬರನ್ನೊಬ್ಬರು ಒಪ್ಪದ ಆ ಹೊತ್ತಿನಲ್ಲಿ, 140 ಸದಸ್ಯರ ಸಭೆಯಲ್ಲಿ 13 ಶಾಸಕರಿದ್ದ ಪಕ್ಷದ ಸಿ.ಎಚ್. 1979ರ ಅಕ್ಟೋಬರ್ 12ರಂದು ಮುಖ್ಯಮಂತ್ರಿ ಆದರು. ಡಿಸೆಂಬರ್ 1ಕ್ಕೆ ರಾಜೀನಾಮೆ. ಬೆಂಬಲ ಕುಸಿಯಿತು, ವಿಧಾನಸಭೆ ವಿಸರ್ಜನೆ ಆಯಿತು.

ನಮ್ಮ ಸಭೆಗಳಲ್ಲಿ, ಭಾಷಣಗಳಲ್ಲಿ ಸಿ.ಎಚ್. ಅಂದರೆ 'ಮುಖ್ಯಮಂತ್ರಿ ಆಗಿದ್ದ ಸಿ.ಎಚ್.' ಅಂತಲೇ ಪರಿಚಯ. ಹೆಮ್ಮೆ ಸಹಜ. ಆದರೆ ಎರಡು ತಿಂಗಳೂ ತುಂಬದ ಆ ಕಾಲದಿಂದ ಅವರ ನಾಯಕತ್ವವನ್ನು ಅಳೆಯಲಿಕ್ಕೆ ಏನಿದೆ? ಒಂದು ಬಜೆಟ್ ಇಲ್ಲ, ಒಂದು ಪೂರ್ಣ ಯೋಜನೆ ಇಲ್ಲ. ಅವರನ್ನು ಅಳೆಯುವುದಾದರೆ ಉಳಿದ ವರ್ಷಗಳಿಂದಲೇ ಅಳೆಯಬೇಕು, ಅಂದರೆ ಇನ್ನೊಬ್ಬರ ಪಕ್ಕದಲ್ಲಿ ಕೂತ ವರ್ಷಗಳಿಂದ.

ಈ ಅಳತೆ ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳಿಬಿಡುತ್ತೇನೆ, ನಮ್ಮ ಕರ್ನಾಟಕವೇ ಸಾಕು. 2006ರ ಫೆಬ್ರವರಿಯಿಂದ ಇಪ್ಪತ್ತು ತಿಂಗಳು ಯಡಿಯೂರಪ್ಪನವರು ಕುಮಾರಸ್ವಾಮಿಯವರ ಉಪಮುಖ್ಯಮಂತ್ರಿ. ಒಪ್ಪಂದದ ಪ್ರಕಾರ ತಮ್ಮ ಸರದಿಗೆ ಕಾದರು. ಸರದಿ ಬಂದಾಗ ಕುರ್ಚಿ ಸಿಗಲಿಲ್ಲ, ನವೆಂಬರ್‌ನಲ್ಲಿ ಸಿಕ್ಕರೂ ಒಂದು ವಾರ ಬಾಳಲಿಲ್ಲ. ಜೊತೆಗಾರನಾಗಿ ಮಾತು ಉಳಿಸಿಕೊಂಡವರು ಅವರೇ ಅಂತ ಜನ ನಂಬಿದರು, 2008ರಲ್ಲಿ ಅಧಿಕಾರ ಕೊಟ್ಟರು. 2011ರ ಜುಲೈನಲ್ಲಿ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಬಂದ ಮೇಲೆ ಅವರು ಇಳಿಯಬೇಕಾಯಿತು. ಇನ್ನೊಂದು ಕಡೆ ಸಿದ್ದರಾಮಯ್ಯ: ಜೆ.ಎಚ್. ಪಟೇಲರ ಕಾಲದಲ್ಲಿ ಉಪಮುಖ್ಯಮಂತ್ರಿ, ಧರಂಸಿಂಗ್ ಕಾಲದಲ್ಲಿ ಮತ್ತೆ ಉಪಮುಖ್ಯಮಂತ್ರಿ. 2005ರಲ್ಲಿ ಅಹಿಂದ ಸಮಾವೇಶಗಳ ಕಾರಣಕ್ಕೆ ತಮ್ಮ ಪಕ್ಷದ ವರಿಷ್ಠರ ಜೊತೆಯೇ ಜಗಳವಾಗಿ ಹುದ್ದೆ ಕಳೆದುಕೊಂಡರು. ವಿಧೇಯ ಜೊತೆಗಾರ ಅಂತ ಯಾರೂ ಅಂಕ ಕೊಡುವುದಿಲ್ಲ. ಆದರೆ 2013ರಲ್ಲಿ ಮುಖ್ಯಮಂತ್ರಿಯಾಗಿ ಐದು ವರ್ಷ ಪೂರ್ತಿ ಮಾಡಿದರು.

ಹಾಗಾದರೆ ವಿಧೇಯತೆ ಅಳತೆಗೋಲು ಅಲ್ಲ. ಕಾಯುವ ತಾಳ್ಮೆಯೂ ಅಲ್ಲ, ಕಾಯುವವರು ಏನಕ್ಕಾಗಿ ಕಾಯುತ್ತಿದ್ದಾರೆ ಅಂತ ನಮಗೆ ಕಾಣುವುದಿಲ್ಲ. ನಾನು ನೋಡುವುದು ಎರಡು ಸಂಗತಿ. ತನ್ನ ಕೈಗೆ ಬಂದ ಖಾತೆಯಲ್ಲಿ, ತನ್ನ ಹೆಸರಿನ ಫಲಕ ಬೀಳುತ್ತದೋ ಇಲ್ಲವೋ ಅಂತ ನೋಡದೆ ಏನು ನಿಲ್ಲಿಸಿದರು? ಕುರ್ಚಿಯಿಂದ ಹೇಗೆ ಇಳಿದರು, ಇಳಿದ ಮೇಲೆ ಎಲ್ಲಿ ಕೂರಲು ಒಪ್ಪಿದರು? ಮೊದಲನೆಯದರಲ್ಲಿ ಸಾಮರ್ಥ್ಯ ಗೊತ್ತಾಗುತ್ತದೆ, ಎರಡನೆಯದರಲ್ಲಿ ಅಧಿಕಾರ ಮನುಷ್ಯನನ್ನು ಎಷ್ಟು ತಿಂದಿದೆ ಅಂತ ಗೊತ್ತಾಗುತ್ತದೆ. ಕೇಶವದಾಸ ಎರಡರಲ್ಲೂ ಪಾಸು. ಪಾಲಿಯತ್ ಅಚ್ಚನ್ ಎರಡನೆಯದರಲ್ಲಿ ಫೇಲು. ಶಂಕರ್ ಮೊದಲನೆಯದರಲ್ಲಿ ಒಳ್ಳೆಯ ಅಂಕ ತೆಗೆದವರು.

ಸಿ.ಎಚ್. ವಿಚಾರದಲ್ಲಿ ಈ ಎರಡನೇ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಸ್ಪೀಕರ್ ಪೀಠದಿಂದ ಇಳಿದರು, ಮಂತ್ರಿ ಖಾತೆಯಿಂದ ಇಳಿದರು, ಮುಖ್ಯಮಂತ್ರಿ ಕುರ್ಚಿಯಿಂದ ಇಳಿದರು. 1981ರ ಡಿಸೆಂಬರ್ 28ರಂದು ಕರುಣಾಕರನ್ ಮುಖ್ಯಮಂತ್ರಿ ಆದಾಗ, ಎರಡು ವರ್ಷದ ಹಿಂದೆ ರಾಜ್ಯದ ಮುಖ್ಯಮಂತ್ರಿ ಆಗಿದ್ದ ಈ ಮನುಷ್ಯ ಉಪಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ನಮ್ಮಲ್ಲಿ ಒಮ್ಮೆ ಮುಖ್ಯಮಂತ್ರಿ ಆದವರು ಮತ್ತೆ ಸಾದಾ ಮಂತ್ರಿ ಆಗಲಿಕ್ಕೆ ಎಷ್ಟು ಹಿಂದೇಟು ಹಾಕುತ್ತಾರೆ ಅಂತ ನಿಮಗೆ ಗೊತ್ತಿದೆ. ಆ ಸರ್ಕಾರ ಸ್ಪೀಕರ್ ಎ.ಸಿ. ಜೋಸ್ ಅವರ ನಿರ್ಣಾಯಕ ಮತದ ಮೇಲೆ ನಿಂತಿತ್ತು. ಒಬ್ಬೇ ಒಬ್ಬ ಶಾಸಕ ಅತ್ತಿತ್ತ ಆದರೂ ಬೀಳುವ ಸರ್ಕಾರ. ಅಂಥ ಕಡೆ ಜೊತೆಗಾರ ಪಕ್ಷದ ಮಾಜಿ ಮುಖ್ಯಮಂತ್ರಿಗೆ ಚೌಕಾಸಿ ಮಾಡಲು ಎಷ್ಟು ಅವಕಾಶ ಇರುತ್ತದೆ ಊಹಿಸಿ. 1982ರ ಮಾರ್ಚ್‌ನಲ್ಲಿ ಸರ್ಕಾರ ಬಿತ್ತು, ಬೀಳಿಸಿದ್ದು ಲೀಗ್ ಅಲ್ಲ, ಕೇರಳ ಕಾಂಗ್ರೆಸ್ಸಿನ ಲೋನಪ್ಪನ್ ನಂಬಾಡನ್. ಮೇ ತಿಂಗಳ ಚುನಾವಣೆ ಗೆದ್ದು ಕರುಣಾಕರನ್ ಮತ್ತೆ ಮುಖ್ಯಮಂತ್ರಿ, ಸಿ.ಎಚ್. ಮತ್ತೆ ಉಪಮುಖ್ಯಮಂತ್ರಿ. 1969ರ ಕಪ್ಪು ಗೆರೆ ಇದರಿಂದ ಅಳಿಸಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

1983ರ ಸೆಪ್ಟೆಂಬರ್ 28ರಂದು, ಸರ್ಕಾರಿ ಕೆಲಸದ ಮೇಲೆ ಹೈದರಾಬಾದಿಗೆ ಹೋಗಿದ್ದಾಗ, ಅಲ್ಲೇ ತೀರಿಕೊಂಡರು. ವಯಸ್ಸು 56. ಅವರ ಜಾಗಕ್ಕೆ ಲೀಗಿನ ಅವುಕಾದರ್ ಕುಟ್ಟಿ ನಹಾ ಬಂದು 1987ರವರೆಗೆ ಉಪಮುಖ್ಯಮಂತ್ರಿ ಆಗಿದ್ದರು. ಅದಾದ ಮೇಲೆ ಕೇರಳದಲ್ಲಿ ದಶಕಗಳ ಕಾಲ ಆ ಕುರ್ಚಿಯನ್ನು ಯಾರಿಗೂ ಹಾಕಲಿಲ್ಲ.